ಮಚ್ಚೆ ನಾಲಿಗೆಯ ಮಾವನ ಬೋನು

ನಾನು ಡಿಗ್ರಿ ಪಾಸಾಗುವುದು ಈ ಜನ್ಮದಲ್ಲಿ ಆಗದ ಕೆಲಸ ಎಂದವರು ನಮ್ಮ ಸೋದರಮಾವ. ಹಾಗೆಂದವರು ಅವರೊಬ್ಬರೇ ಅಲ್ಲ. ಏಳನೇ ಕ್ಲಾಸಿನ ಮೇಷ್ಟ್ರು ಅಂದಿದ್ದರು. ನಮ್ಮ ಬೀದಿಗೆ ಹಾಲು ಹಾಕುವವರು ಅಂದಿದ್ದರು. ಅವರು ನನ್ನನ್ನು ಪುಸ್ತಕದ ಜೊತೆ ಒಂದು ದಿನವೂ ನೋಡಿದವರಲ್ಲ, ಆದರೂ ಅಂದಿದ್ದರು. ಅವರ ಮಾತನ್ನೆಲ್ಲ ನಾನು ಬಸ್ಸಿನ ಹೊಗೆಯಂತೆ ಹಿಂದೆ ಬಿಟ್ಟು ನಡೆದೆ. ಆದರೆ ಮಾವನ ಮಾತನ್ನು ಹಾಗೆ ಬಿಟ್ಟು ನಡೆಯುವ ಧೈರ್ಯ ಸುದ್ದಗುಂಟೆಪಾಳ್ಯದಲ್ಲಿ ಯಾರಿಗೂ ಇರಲಿಲ್ಲ. ಏಕೆಂದರೆ ಮಾವನ ನಾಲಿಗೆಯ ಮೇಲೆ ಮಚ್ಚೆ ಇದೆ.

ನಾಲಿಗೆಯಲ್ಲಿ ಮಚ್ಚೆ ಇದ್ದವರು ಆಡಿದ್ದು ಆಗುತ್ತದೆ ಎಂದು ನಮ್ಮವರು ನಂಬುತ್ತಾರೆ. ನಾನು ಬಿ.ಎಸ್ಸಿ. ಓದಿದವಳು, ಇಂಥದ್ದನ್ನೆಲ್ಲ ನಂಬುವುದಿಲ್ಲ. ಆದರೆ ನಡೆದದ್ದನ್ನು ನಡೆದ ಹಾಗೆ ಹೇಳಬೇಕಲ್ಲ? ಎದುರು ಮನೆಯವರು ಹೊಸದಾಗಿ ಕಾಂಪೌಂಡ್ ಕಟ್ಟಿ, "ಹೆಂಗಿದೆ ಅಣ್ಣ ಗೋಡೆ?" ಎಂದು ಕೇಳಿದರು. ಮಾವ ಸುಮ್ಮನೆ ಹೋಗುತ್ತಿದ್ದವರು ನಿಂತು, "ಚೆನ್ನಾಗಿದೆ, ನಿಂತೂ ನಿಂತೂ ಸಾಕಾಗಿರೋ ಹಂಗಿದೆ" ಎಂದರು. ಆ ವಾರ ಒಂದೇ ಒಂದು ಮಳೆ ಬಂತು. ಗೋಡೆ ಬೀಳಲಿಲ್ಲ, ಬಸ್‌ಸ್ಟಾಪಿನಲ್ಲಿ ಕಾದು ಬೇಸತ್ತವರಂತೆ ನೆಲಕ್ಕೆ ಕೂತುಬಿಟ್ಟಿತು.

ಮಾವ ಮದುವೆಯಾಗದೆ ಉಳಿದದ್ದೂ ಅದರಿಂದಲೇ. ಹೆಣ್ಣು ನೋಡಲು ಹೋದ ಕಡೆ ಹುಡುಗಿ ಎಷ್ಟು ಇಷ್ಟವಾದಳೆಂದರೆ, ಸಂತೋಷ ತಡೆಯಲಾರದೆ, "ಇಂಥೋಳಿಗೆ ಸರ್ಕಾರಿ ನೌಕರಿ ಇರೋ ಮೈಸೂರಿನ ಗಂಡೇ ಸಿಗ್ಬೇಕು" ಎಂದುಬಿಟ್ಟರು. ತಿಂಗಳೊಳಗೆ ಸಿಕ್ಕಿದ. ಮದುವೆಗೆ ಇವರಿಗೂ ಕರೆ ಬಂದಿತ್ತು, ಹೋಗಿ ಎರಡು ಸಲ ಹೋಳಿಗೆ ಹಾಕಿಸಿಕೊಂಡು ಬಂದರಂತೆ.

ಅಪ್ಪ ತೀರಿಕೊಂಡ ಮೇಲೆ ಅಮ್ಮ, ನಾನು, ಮಾವ ಒಂದೇ ಮನೆ. ಮಾವನ ಕಸುಬು ಬೀದಿ ಹಂದಿ ಹಿಡಿಯುವುದು. ಇದನ್ನು ನಾನು ಕಾಲೇಜಿನಲ್ಲಿ ಅಷ್ಟೂ ವರ್ಷ ಮುಚ್ಚಿಟ್ಟೆ. ಈಗ ಕೇಳದಿದ್ದವರಿಗೂ ಹೇಳುತ್ತೇನೆ. ಕೆರೆಯಂಚಿನ ಖಾಲಿ ಜಾಗ, ಅರ್ಧಕ್ಕೆ ನಿಂತ ಕಟ್ಟಡ, ಹಳೆ ಶಾಲೆಯ ಹಿತ್ತಲು, ಎಲ್ಲಿ ಹಂದಿಗಳ ಕಾಟವೋ ಅಲ್ಲಿಗೆ ಮಾವನಿಗೆ ಕರೆ ಬರುತ್ತಿತ್ತು. ಹಿಡಿದದ್ದನ್ನು ಆನೇಕಲ್ ಕಡೆಯ ಸಾಕಣೆಯವರು ಬಂದು ಒಯ್ಯುತ್ತಿದ್ದರು.

ಬೇರೆಯವರು ಬಲೆ ಬೀಸಿ, ಅಟ್ಟಾಡಿಸಿ, ಕಿರುಚಾಡಿಸಿ ಹಿಡಿಯುತ್ತಾರೆ. ಮಾವನದು ಬೋನು. ಎತ್ತಿನ ಗಾಡಿಯಷ್ಟು ಉದ್ದದ ಕಬ್ಬಿಣದ ಸರಳುಗಳ ಗೂಡು, ಒಂದು ತುದಿಯಲ್ಲಿ ಮೇಲಿನಿಂದ ಕೆಳಕ್ಕೆ ಜಾರುವ ತಗಡಿನ ಬಾಗಿಲು. ಬಾಗಿಲಿನ ಹಗ್ಗ ಬೋನಿನ ತಲೆಯ ಮೇಲೆ ಹಾದು ಇನ್ನೊಂದು ತುದಿಯ ಗೂಟಕ್ಕೆ ಬರುತ್ತದೆ. ಗೂಟಕ್ಕೆ ಮೇವಿನ ಗಂಟು ಕಟ್ಟಿರುತ್ತದೆ. ಹಂದಿ ಗಂಟನ್ನು ಎಳೆದರೆ ಗೂಟ ಜಾರುತ್ತದೆ, ಬಾಗಿಲು ಧಡ್ ಎಂದು ಬೀಳುತ್ತದೆ. ಬಿದ್ದ ಬಾಗಿಲಿನ ಮೇಲೆ ಒಂದು ಕೊಂಡಿ ತಾನಾಗಿ ಬಂದು ಕೂರುತ್ತದೆ. ಈ ಕೊಂಡಿಯೇ ಬೋನಿನ ಜೀವ. ಹಂದಿಯ ಮೂತಿಯಲ್ಲಿ ಅಷ್ಟು ಬಲವಿದೆ, ಕೊಂಡಿ ಇಲ್ಲದಿದ್ದರೆ ಬಾಗಿಲನ್ನು ಕೆಳಗಿನಿಂದ ಎತ್ತಿ ಹೊರಟುಹೋಗುತ್ತದೆ. ಮಾವ ಬೋನು ಇಡಲು ಶುರುಮಾಡಿದ ಮೇಲೆ ಒಂದೇ ಒಂದು ಹಂದಿಯೂ ಒಳಗಿನಿಂದ ಹಾಗೆ ಹೊರಬಂದದ್ದಿಲ್ಲ.

ಅದಕ್ಕೆ ಮುಂಚೆ ಹತ್ತು ದಿನದ ಉಪಚಾರ. ಬಾಗಿಲನ್ನು ತಂತಿಯಿಂದ ಬಿಗಿದು, ಅದು ಬೀಳದ ಹಾಗೆ ಮಾಡಿ, ದಿನವೂ ಹೋಟೆಲಿನ ಮುಸುರೆ, ಹುಳಿ ಬರಿಸಿದ ಮೆಕ್ಕೆಜೋಳ, ಕೊಳೆತ ಹಲಸಿನ ತೊಳೆ ಒಯ್ದು ಸುರಿಯುವುದು. ಬಂದವು ತಿಂದು ಹೋಗಲಿ. "ಅವಸರ ಮಾಡಿ ಒಂದನ್ನ ಹಿಡಿದ್ರೆ ಆಚೆ ನಿಂತ ಹತ್ತು ಪಾಠ ಕಲಿತುಬಿಡ್ತವೆ" ಎನ್ನುತ್ತಿದ್ದರು. ಹನ್ನೊಂದನೇ ದಿನ ತಂತಿ ಬಿಚ್ಚುತ್ತಿದ್ದರು. ಆವತ್ತು ಮಾವ ಬೀಡಿ ಸೇದುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ಸ್ವಲ್ಪ ದೂರದಲ್ಲಿ ಕುಕ್ಕರಗಾಲಲ್ಲಿ ಕೂತಿರುತ್ತಿದ್ದರು.

ನಾನು ಚಿಕ್ಕಂದಿನಲ್ಲಿ ಎಷ್ಟೋ ಸಲ ಅವರ ಪಕ್ಕದಲ್ಲಿ ಕೂತಿದ್ದೇನೆ. ಬಾಗಿಲು ಬೀಳುವ ಮೊದಲು ಸುತ್ತ ಹಕ್ಕಿಗಳ ಸದ್ದು ನಿಂತುಹೋಗುತ್ತದೆ. ಅವಕ್ಕೆ ಹೇಗೆ ಗೊತ್ತಾಗುತ್ತದೋ ನನಗೆ ಗೊತ್ತಿಲ್ಲ. ಬಾಗಿಲು ಬಿದ್ದ ಕೂಡಲೇ ಹಂದಿಗಳು ಕಿರುಚುತ್ತವೆ ಎಂದು ನೀವು ತಿಳಿದಿರಬಹುದು. ಇಲ್ಲ. ಮೂರು ಉಸಿರಿನಷ್ಟು ಹೊತ್ತು ಒಳಗೂ ಹೊರಗೂ ಯಾವ ಸದ್ದೂ ಇರುವುದಿಲ್ಲ. ಆ ಮೂರು ಉಸಿರನ್ನು ಕೇಳಿದವರು ಜನ್ಮದಲ್ಲಿ ಮರೆಯುವುದಿಲ್ಲ. ಆಮೇಲೆ ಕಿರುಚಾಟ. ಮಾವ ಎದ್ದು ಬೋನಿನ ಬಳಿ ಹೋಗಿ, "ತಪ್ಪು ತಿಳ್ಕೋಬೇಡ್ರಮ್ಮ" ಎಂದು ಕೈಮುಗಿಯುತ್ತಿದ್ದರು.

ಇಂಥ ಒಂದು ಬೋನಿನ ಮುಂದೆಯೇ ನನ್ನ ಭವಿಷ್ಯ ಹೊರಬಿದ್ದದ್ದು. ಪಿಯುಸಿ ಆಗಿತ್ತು. ಜಯನಗರದ ಹೆಣ್ಣುಮಕ್ಕಳ ಕಾಲೇಜಿನ ಅರ್ಜಿಗೆ ಮನೆಯ ಹಿರಿಯರ ಸಹಿ ಬೇಕಿತ್ತು. ಅಮ್ಮನೂ ನಾನೂ ಅರ್ಜಿ ಹಿಡಿದು ಹುಳಿಮಾವಿನ ಕೆರೆಯ ಬಳಿ ಹೋದೆವು. ಮಾವ ಆಗಷ್ಟೇ ಬಾಗಿಲು ಮೇಲೆತ್ತಿ ಕಟ್ಟಿ, ಕೊಂಡಿಗೆ ಎಣ್ಣೆ ಹಾಕುತ್ತಿದ್ದರು.

"ಡಿಗ್ರಿನಾ?" ಎಂದು ನಕ್ಕರು. "ನಮ್ಮ ಮನೇಲಾ? ಬೋನಿಗೆ ಬಿದ್ದ ಹಂದಿ ತಾನೇ ಬಾಗ್ಲು ಎತ್ಕೊಂಡು ಆಚೆ ಬಂದ ದಿನ ನೀನು ಡಿಗ್ರಿ ಪಾಸು ಮಾಡ್ತೀಯ."

ತಮಾಷೆ ಎಂದು ನನಗೂ ಗೊತ್ತಿತ್ತು. ನಾನೂ ನಗಲು ಬಾಯಿ ತೆರೆದೆ. ಅಷ್ಟರಲ್ಲಿ ಬೋನಿನ ಬಾಗಿಲು ಧಡ್ ಎಂದು ಬಿತ್ತು. ಗೂಟ ಮುಟ್ಟಿದವರಿಲ್ಲ, ಗಾಳಿ ಇರಲಿಲ್ಲ, ಹಗ್ಗ ನಾನು ಆಗ ತಾನೇ ನೋಡಿದಾಗ ಬಿಗಿಯಾಗಿಯೇ ಇತ್ತು. ಖಾಲಿ ಬೋನಿನ ಮೇಲೆ ಕೊಂಡಿ ಟಕ್ ಎಂದು ಕೂತಿತು. ಅಮ್ಮ ಮಾವನ ಮುಖ ನೋಡಿದಳು. ಮಾವ ಅಂಗೈಯಿಂದ ಬಾಯಿ ಮುಚ್ಚಿಕೊಂಡರು. ಆಡಿದ್ದು ಆಗಲೇ ಆಚೆ ಬಂದಾಗಿತ್ತು.

ಸಹಿಯನ್ನೇನೋ ಹಾಕಿದರು. ಒಂದು ಕೈ ಇನ್ನೂ ಬಾಯಿಯ ಮೇಲೇ ಇದ್ದುದರಿಂದ ಸಹಿ ಎರಡು ಸಾಲಿನಷ್ಟು ಉದ್ದವಾಯಿತು.

ಮೊದಲ ವರ್ಷ ಚೆನ್ನಾಗಿಯೇ ಹೋಯಿತು. ನಾಲ್ಕನೇ ಸೆಮಿಸ್ಟರಿನ ಸಂಖ್ಯಾಶಾಸ್ತ್ರದಲ್ಲಿ ಫೇಲಾದೆ. ಮತ್ತೆ ಕಟ್ಟಿದೆ, ಮತ್ತೆ ಫೇಲಾದೆ. ಆ ಸಂಜೆ ಅಮ್ಮ ಅನ್ನದ ತಟ್ಟೆಯನ್ನು ಮಾವನ ಮುಂದೆ ಕುಕ್ಕಿ, "ನಿನ್ ನಾಲಿಗೆಗೆ ಬೇರೆ ಮನೆ ಸಿಗ್ಲಿಲ್ವಾ?" ಎಂದಳು. ಮಾವ ಉಣ್ಣಲಿಲ್ಲ. ಮರುದಿನ ನನ್ನನ್ನೇ ಕರೆದುಕೊಂಡು ಬಿಟಿಎಂ ಲೇಔಟಿನ ಒಂದು ಚರ್ಮದ ಕ್ಲಿನಿಕ್‌ಗೆ ಹೋದರು. ಡಾಕ್ಟರು ಟಾರ್ಚ್ ಹಾಕಿ ನಾಲಿಗೆ ನೋಡಿದರು.

"ಹುಟ್ಟು ಮಚ್ಚೆ ಇದು. ಏನೂ ತೊಂದ್ರೆ ಇಲ್ಲ."

"ನಂಗಿಲ್ಲ ಸಾರ್, ಬೇರೆಯೋರಿಗೆ. ತೆಗೆದುಬಿಡಿ."

ಡಾಕ್ಟರು ಮಾವನನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿ, ತೆಗೆಯುವ ಅಗತ್ಯವಿಲ್ಲ ಎಂದು ಸಮಾಧಾನ ಹೇಳಿ ಕಳಿಸಿದರು. ಅಷ್ಟು ಒಳ್ಳೆಯ ಮಾತಾಡಿದವರಿಗೆ ಏನಾದರೂ ಒಳ್ಳೆಯದು ಹೇಳಬೇಡವೇ? ಮಾವ ಬಾಗಿಲಲ್ಲಿ ತಿರುಗಿ ನಿಂತು, "ನಿಮ್ಮ ಕ್ಲಿನಿಕ್ ಯಾವಾಗ್ಲೂ ಹಿಂಗೇ ಇರ್ಲಿ ಸಾರ್" ಎಂದು ಕೈಮುಗಿದರು. ಆಗ ಅಲ್ಲಿ ಕೂತಿದ್ದ ರೋಗಿಗಳೆಂದರೆ ನಾವಿಬ್ಬರೇ. ಈಗ ಆ ಜಾಗದಲ್ಲಿ ಜ್ಯೂಸ್ ಅಂಗಡಿ ಇದೆ.

ಅಂದಿನಿಂದ ಮಾವ ನನ್ನ ವಿಷಯವಾಗಿ ಮಾತಾಡುವುದನ್ನೇ ನಿಲ್ಲಿಸಿದರು. ಒಳ್ಳೆಯದಾಗಲಿ ಎಂದು ಕೂಡ ಅನ್ನಲಿಲ್ಲ, ಆ ಒಳ್ಳೆಯದು ಯಾವ ದಾರಿಯಲ್ಲಿ ಬರುತ್ತದೋ ಎಂಬ ಭಯ. ಮಳೆ ಬರುವ ಹಾಗಿದ್ದರೆ, 'ಕೊಡೆ ತಗೊಂಡು ಹೋಗು' ಎನ್ನುವ ಬದಲು ಕೊಡೆಯನ್ನು ನನ್ನ ಚಪ್ಪಲಿಯ ಮೇಲೆ ಇಟ್ಟಿರುತ್ತಿದ್ದರು. ನಾನು ಎದುರಿಗೆ ಬಂದರೆ ಬಾಯಿಗೆ ಎಲೆಅಡಿಕೆ ತುಂಬಿಕೊಳ್ಳುತ್ತಿದ್ದರು. ಒಂದೇ ಮನೆಯಲ್ಲಿ, ಒಂದೇ ಬಲ್ಬಿನ ಕೆಳಗೆ, ನನ್ನನ್ನು ಎತ್ತಿ ಆಡಿಸಿದ ಮನುಷ್ಯ ನನ್ನ ಹೆಸರನ್ನೇ ಎತ್ತದೆ ಎರಡು ವರ್ಷ ಓಡಾಡಿದರು. ನಕ್ಕುಬಿಡಬಹುದಾದ ವಿಷಯ. ಸಂಜೆ ಪುಸ್ತಕ ಬಿಡಿಸಿ ಕೂತಾಗ ಬೆನ್ನ ಹಿಂದೆ ಬಾಗಿಲಲ್ಲಿ ಬಂದು ನಿಂತು, ಉಸಿರು ಮಾತ್ರ ಕೇಳಿಸಿ ಹಿಂತಿರುಗುತ್ತಿದ್ದರಲ್ಲ, ಆಗ ನನಗೆ ನಗು ಬರುತ್ತಿರಲಿಲ್ಲ.

ಇದರ ನಡುವೆ ಒಂಟಿಕಿವಿಯ ಕಥೆ ಹೇಳಲೇಬೇಕು. ಅದೊಂದು ಮುದಿ ಹೆಣ್ಣು ಹಂದಿ. ಕಪ್ಪು ಮೈ, ಎಡಗಿವಿ ಇಲ್ಲ. ಮಾವ ಎಲ್ಲಿ ಬೋನಿಟ್ಟರೂ ಅಲ್ಲಿರುತ್ತಿತ್ತು. ಹುಳಿಮಾವಿನಲ್ಲಿ ಇಟ್ಟರೆ ಹುಳಿಮಾವು, ಮಡಿವಾಳದ ಕೆರೆಯ ಕಡೆ ಇಟ್ಟರೆ ಮಡಿವಾಳ. ಅಷ್ಟು ಟ್ರಾಫಿಕ್ಕಿನಲ್ಲಿ ನಾವೇ ಸಮಯಕ್ಕೆ ಹೋಗಲಾಗುವುದಿಲ್ಲ, ಅದು ಹೇಗೆ ಹೋಗುತ್ತಿತ್ತೋ! ಬೋನಿನೊಳಕ್ಕೆ ಒಮ್ಮೆಯೂ ಬಂದದ್ದಿಲ್ಲ. ಬೋನಿನ ನೆರಳು ಎಲ್ಲಿ ಮುಗಿಯುತ್ತದೋ ಸರಿಯಾಗಿ ಅಲ್ಲಿ ನಿಂತು, ಮಿಕ್ಕವು ಒಳಗೆ ಹೋಗುವುದನ್ನು ನೋಡುತ್ತಿತ್ತು. ಬಾಗಿಲು ಬಿದ್ದ ಮೇಲೂ ಓಡುತ್ತಿರಲಿಲ್ಲ. ಮಾವನನ್ನು ಒಂದು ಸಲ ಪೂರ್ತಿ ನೋಡಿ ಹೋಗುತ್ತಿತ್ತು. ಮಾವ ಅದನ್ನು 'ಯಜಮಾನಿ' ಎನ್ನುತ್ತಿದ್ದರು.

ಒಮ್ಮೆ ಜೆ.ಪಿ. ನಗರದಿಂದ ಕರೆ ಬಂತು. ಅರ್ಧ ಕಟ್ಟಿ ಬಿಟ್ಟ ಅಪಾರ್ಟ್‌ಮೆಂಟು. ಅದರ ಮೂರನೇ ಮಹಡಿಯಲ್ಲಿ ಬೆಳಬೆಳಗ್ಗೆ ಯಾರೋ ಕೆಮ್ಮುತ್ತಾರೆ, ಪಕ್ಕದ ಬ್ಲಾಕಿನವರು ವಾಕಿಂಗ್ ಬಿಟ್ಟಿದ್ದಾರೆ ಎಂದು ಅಲ್ಲಿನ ಕಾರ್ಯದರ್ಶಿ ಹೇಳಿದರು. ಕಾಲೇಜಿಗೆ ರಜೆ ಇತ್ತು, ನಾನೂ ಹೋದೆ. ಮೆಟ್ಟಿಲ ಮೇಲೆ ಸಿಮೆಂಟಿನ ಧೂಳು ಹಿಟ್ಟಿನಂತೆ ಹರಡಿತ್ತು. ಅದರಲ್ಲಿ ಗೊರಸಿನ ಗುರುತು ಒಂದೊಂದೇ ಮೆಟ್ಟಿಲು ಹತ್ತಿ ಹೋಗಿತ್ತು. ಇಳಿದು ಬಂದ ಗುರುತು ಒಂದೂ ಇಲ್ಲ. ಇರುವುದು ಅದೊಂದೇ ಮೆಟ್ಟಿಲ ಸಾಲು.

ಹತ್ತಿದೆವು. ಮೂರನೇ ಮಹಡಿಯ ಬಾಗಿಲಿಲ್ಲದ ಕೋಣೆಯಲ್ಲಿ ಯಾರೂ ಇರಲಿಲ್ಲ. ಮೂಲೆಯಲ್ಲಿ ಒಣಎಲೆ, ಸಿಮೆಂಟಿನ ಖಾಲಿ ಚೀಲಗಳ ಹಾಸಿಗೆ. ಮಾವ ಅದರ ಮೇಲೆ ಕೈಯಿಟ್ಟು, ನನ್ನ ಕೈ ಹಿಡಿದು ಇಡಿಸಿದರು. ಬೆಚ್ಚಗಿತ್ತು. ಗೋಡೆಯಿಲ್ಲದ ಬಾಲ್ಕನಿಯಿಂದ ಕೆಳಗೆ ನೋಡಿದೆ. ರಸ್ತೆಯ ಆಚೆ, ಹಾಲಿನ ಬೂತಿನ ಪಕ್ಕ, ಒಂಟಿಕಿವಿ ನಿಂತು ನಮ್ಮನ್ನೇ ನೋಡುತ್ತಿತ್ತು.

ಕಾರ್ಯದರ್ಶಿ ಕೆಳಗಿನಿಂದಲೇ ಕೂಗಿ ಕೇಳಿದರು: "ಹಂದೀನಾ, ದೆವ್ವಾನಾ ಹೇಳ್ಬಿಡಿ."

"ಎರಡಕ್ಕೂ ಬೋನು ಒಂದೇ ಸಾರ್" ಎಂದರು ಮಾವ. "ಮೇವು ಮಾತ್ರ ಬೇರೆ."

ಅಷ್ಟರಲ್ಲಿ ಮಿಕ್ಕ ವಿಷಯಗಳೆಲ್ಲ ಪಾಸಾಗಿ, ಆ ಒಂದು ಪೇಪರಿಗೆ ನನ್ನ ಕೊನೆಯ ಅವಕಾಶ ಬಂತು. ಇದರಲ್ಲೂ ಹೋದರೆ ಡಿಗ್ರಿ ಇಲ್ಲ, ಓದಿದ ಮೂರು ವರ್ಷವೂ ನೀರಿನಲ್ಲಿ ಹೋಮ. ನಮ್ಮ ವಂಶದಲ್ಲಿ ಹತ್ತನೇ ಕ್ಲಾಸು ದಾಟಿದವಳೇ ನಾನೊಬ್ಬಳು. ಅಮ್ಮ ಬನಶಂಕರಿಗೆ ನಿಂಬೆಹಣ್ಣಿನ ದೀಪ ಹಚ್ಚಿ ಬರುತ್ತಿದ್ದಳು. ನಾನು ಉಂಡರೂ ಸೂತ್ರ, ಮಲಗಿದರೂ ಸೂತ್ರ. ಮಾವ ಮಾತ್ರ ಬೆಳಗಾಗುವ ಮೊದಲೇ ಎದ್ದು ಕಾಣೆಯಾಗುತ್ತಿದ್ದರು.

ಪರೀಕ್ಷೆಗೆ ಮೂರು ದಿನವಿತ್ತು. ಅಮ್ಮ ನನ್ನನ್ನು ಎಬ್ಬಿಸಿ, "ನಿಮ್ಮಾವ ಹದಿನೈದು ದಿನದಿಂದ ಹುಳಿಮಾವಿಗೆ ಹೋಗ್ತವ್ರೆ, ಒಂದು ಹಂದೀನೂ ಹಿಡಿದಿಲ್ಲ. ಆನೇಕಲ್‌ನವ್ರು ಕೇಳಿದ್ರೆ ಬಾಯೇ ಬಿಡಲ್ಲ. ಏನ್ ಮಾಡ್ತವ್ರೋ ಹೋಗಿ ನೋಡ್ಕೊಂಡ್ ಬಾ" ಎಂದಳು.

ಮೊದಲ ಬಸ್ಸಿಗೆ ಹೋದೆ. ಕೆರೆಯ ಮೇಲಿನ ಮಂಜು ದಂಡೆ ಹತ್ತಿ ಹೊಂಗೆಮರದ ಸೊಂಟದವರೆಗೂ ಬಂದಿತ್ತು. ಹಕ್ಕಿಗಳ ಸದ್ದಿರಲಿಲ್ಲ. ಅದು ಗಮನಕ್ಕೆ ಬಂದದ್ದೇ ನಾನು ಹೆಜ್ಜೆ ನಿಧಾನಿಸಿದೆ. ಧಡ್ ಎಂದು ಬಾಗಿಲು ಬಿದ್ದ ಸದ್ದು. ಸ್ವಲ್ಪ ಬಿಟ್ಟು ಮತ್ತೊಮ್ಮೆ ಧಡ್. ಬೋನಿನ ಬಾಗಿಲು ಒಂದು ಬೆಳಗಿಗೆ ಒಂದೇ ಸಲ ಬೀಳಬೇಕು. ಇದು ಬೀಳುತ್ತಲೇ ಇತ್ತು.

ಹತ್ತಿರ ಹೋದೆ. ಬೋನಿನೊಳಗೆ ಒಂದು ಮರಿ ಹಂದಿ ಮೆಕ್ಕೆಜೋಳ ಮೆಲ್ಲುತ್ತಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಆಕಾರ, ದೊಡ್ಡದು, ನಾಲ್ಕು ಕಾಲಿನ ಮೇಲೆ. ಅದು ನಿಧಾನವಾಗಿ ತಲೆ ತಗ್ಗಿಸಿ ಬಾಗಿಲಿನ ಕೆಳಗೆ ತೂರಿಸಿ, ಬಾಗಿಲನ್ನು ಹಣೆಯಿಂದ ಎತ್ತಿ, ತೆವಳಿಕೊಂಡು ಆಚೆ ಬಂತು. ಬಾಗಿಲು ಹಿಂದೆ ಬಿತ್ತು. ತಿರುಗಿತು, ಬಾಗಿಲೆತ್ತಿ ಮತ್ತೆ ಒಳಗೆ ಹೋಯಿತು. ಆಗ ಆ ಆಕಾರ ಮಾತಾಡಿತು.

"ನೋಡ್ಕೊಂಡ್ಯಾ? ಇಷ್ಟೇ ಕಣೆ. ಮೂತಿ ಕೆಳಗಿಡು, ಎತ್ತು. ತಿನ್ನೋದು ಆಮೇಲೆ ತಿನ್ನುವಂತೆ."

ಮಾವ! ಪಂಚೆ ಎತ್ತಿ ಕಟ್ಟಿ, ಮಂಡಿಯೆಲ್ಲ ಕೆಸರು ಮಾಡಿಕೊಂಡು, ಹಂದಿಗೆ ಬೋನಿನಿಂದ ಹೊರಬರುವ ಪಾಠ ಹೇಳುತ್ತಿದ್ದರು. ಜೀವಮಾನವೆಲ್ಲ ಒಳಗೆ ಹಾಕುವುದನ್ನೇ ಕಲಿತ ಮನುಷ್ಯ. ಶಿಷ್ಯ ತಲೆಯೆತ್ತದೆ ಮೆಲ್ಲುತ್ತಿತ್ತು. ಬಾಗಿಲಿನ ಕೊಂಡಿ ಅದರ ಜಾಗದಲ್ಲಿ ಇರಲಿಲ್ಲ.

ನಾನು ನಗಬೇಕೋ ಅಳಬೇಕೋ ತಿಳಿಯದೆ ನಿಂತಿರುವಾಗ, ಬೋನಿನ ಆಚೆ ಜೊಂಡಿನ ಅಂಚಿನಲ್ಲಿ ಒಂಟಿಕಿವಿ ಕಂಡಿತು. ಅದು ನನ್ನನ್ನು ನೋಡುತ್ತಿರಲಿಲ್ಲ. ಮಾವನನ್ನು ನೋಡುತ್ತಿತ್ತು. ಸಂಖ್ಯಾಶಾಸ್ತ್ರದ ಕ್ಲಾಸಿನಲ್ಲಿ ನಾನು ಅಷ್ಟು ಗಮನವಿಟ್ಟು ಕೂತಿದ್ದರೆ ಈ ಗತಿಯೇ ಬರುತ್ತಿರಲಿಲ್ಲ.

ಮಾವ ನನ್ನನ್ನು ಕಂಡವರೇ ಬಾಯಿ ಮುಚ್ಚಿಕೊಂಡರು. ಮರಿಯನ್ನು ಆಚೆ ಅಟ್ಟಿ, ಮೇವಿನ ಗಂಟು ಹೊಸದಾಗಿ ಕಟ್ಟಿ, ಬಾಗಿಲೆತ್ತಿ, ಹಗ್ಗವನ್ನು ಗೂಟಕ್ಕೆ ಸಿಕ್ಕಿಸಿ ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತರು. ಅವರ ಮುಷ್ಟಿಯಲ್ಲಿ ಕೊಂಡಿ ಇತ್ತು.

ಒಂಟಿಕಿವಿ ಬಂತು. ನೆರಳು ಮುಗಿಯುವ ಜಾಗಕ್ಕೆ ಬಂದು ನಿಂತಿತು, ಯಾವಾಗಲೂ ನಿಲ್ಲುವ ಹಾಗೆ. ಆಮೇಲೆ ನೆರಳನ್ನು ದಾಟಿತು. ಒಳಗೆ ಹೋಯಿತು. ಗಂಟನ್ನು ಎಳೆಯಿತು. ಬಾಗಿಲು ಬಿತ್ತು.

ಒಂದು ಉಸಿರು. ಎರಡು. ಮೂರು. ಕಿರುಚಾಟವಿಲ್ಲ. ನಿಧಾನವಾಗಿ ಅಗಿಯುವ ಸದ್ದು ಬಂತು. ಪೂರ್ತಿ ಗಂಟು ತಿಂದು ಮುಗಿಸಿತು. ತಿರುಗಿ ಬಂದು, ಸರಳುಗಳ ನಡುವಿನಿಂದ ಮಾವನನ್ನು ನೋಡಿ, ಮೂತಿಯನ್ನು ನೆಲಕ್ಕಿಟ್ಟಿತು. ತಗಡು ಕಿರ್ರೆಂದು ಮೇಲಕ್ಕೆ ಹೋಯಿತು. ಮುದುಕಿಯೊಬ್ಬಳು ಹೊಸ್ತಿಲು ದಾಟುವ ಹಾಗೆ, ಮೊದಲು ಒಂದು ಕಾಲು, ಆಮೇಲೆ ಇನ್ನೊಂದು, ಹೊರಗೆ ಬಂತು. ನಾಲ್ಕು ಮಾರು ದೂರದಲ್ಲಿ ನಿಂತು ಈ ಸಲ ನನ್ನನ್ನು ನೋಡಿತು. ಆಮೇಲೆ ಜೊಂಡಿನೊಳಕ್ಕೆ ನಡೆಯಿತು. ಅಷ್ಟು ದೊಡ್ಡ ಪ್ರಾಣಿ ಹೊಕ್ಕರೂ ಒಂದು ಜೊಂಡೂ ಅಲುಗಲಿಲ್ಲ. ಆಮೇಲೆ ಅದನ್ನು ಯಾರೂ ಎಲ್ಲೂ ನೋಡಿಲ್ಲ.

ಮಾವ ಕೊಂಡಿಯನ್ನು ಪಂಚೆಗೆ ಒರೆಸಿ ನನ್ನ ಚೀಲದೊಳಗೆ ಹಾಕಿದರು.

ಪರೀಕ್ಷೆಯ ದಿನ ಅದು ಚೀಲದಲ್ಲೇ ಇತ್ತು. ಬಾಗಿಲಲ್ಲಿ ತಪಾಸಣೆ ಮಾಡುತ್ತಿದ್ದ ಮೇಡಂ ಕೈಗೆ ಸಿಕ್ಕಿತು.

"ಏನಮ್ಮ ಇದು?"

"ಕೊಂಡಿ, ಮೇಡಂ."

"ಯಾವುದ್ರದ್ದು?"

"ಹಂದಿ ಬೋನಿಂದು."

ಅವರು ಅದನ್ನು ಎರಡು ಬೆರಳಿನಲ್ಲಿ ಹಿಂದಕ್ಕೆ ಹಾಕಿ, ಚೀಲವನ್ನು ಆಚೆ ಇಡಿಸಿ, ಕರವಸ್ತ್ರ ಹುಡುಕತೊಡಗಿದರು. ನಾನು ಅಷ್ಟೂ ವರ್ಷ ಮುಚ್ಚಿಟ್ಟಿದ್ದನ್ನು ಅಂದು ಗಟ್ಟಿಯಾಗಿ ಹೇಳಿದ್ದೆ. ಒಳಗೆ ಹೋಗಿ ಕೂತು ಪೆನ್ನಿನ ಮುಚ್ಚಳ ತೆಗೆದೆ.

ಪಾಸಾದೆ. ಹಂದಿ ಬಾಗಿಲೆತ್ತಿದ್ದಕ್ಕೆ ಪಾಸಾದೆ ಎಂದು ಅಮ್ಮ ಇಂದಿಗೂ ಬೀದಿಯಲ್ಲಿ ಹೇಳುತ್ತಾಳೆ. ಒಂದೇ ಪುಸ್ತಕವನ್ನು ರಟ್ಟು ಕಳಚುವವರೆಗೆ ಮೂರು ಸಲ ಓದಿದವಳು ನಾನು, ಅದರಿಂದ ಪಾಸಾದೆ. ಎರಡೂ ಒಂದೇ ವಾರದಲ್ಲಿ ಆಗುವ ಸಂಭವವೆಷ್ಟು ಎಂದು ಲೆಕ್ಕ ಹಾಕಲು ನನಗೆ ಬರುತ್ತದೆ. ಹಾಕಲು ಹೋಗಿಲ್ಲ.

ಘಟಿಕೋತ್ಸವ ಮುಗಿಸಿ ಪದವಿ ಪತ್ರ ಹಿಡಿದು ಮನೆಗೆ ಬಂದಾಗ ಮಾವ ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದರು. ನನ್ನನ್ನು ಕಂಡು ಎಲೆಅಡಿಕೆಯ ಚೀಲಕ್ಕೆ ಕೈ ಹಾಕಿದರು. ನಾನು ಪತ್ರವನ್ನು ಮುಂದೆ ಚಾಚಿದೆ. ಎದ್ದು ಒಳಗೆ ಹೋಗಿ, ಸೋಪು ಹಚ್ಚಿ ಮೊಣಕೈವರೆಗೆ ಕೈ ತೊಳೆದು, ಒರೆಸಿಕೊಂಡು ಬಂದು, ಎರಡೂ ಕೈ ನೀಡಿ ತೆಗೆದುಕೊಂಡರು. ಅದರಲ್ಲಿದ್ದ ನನ್ನ ಹೆಸರಿನ ಕೆಳಗೆ ಬೆರಳು ಇಟ್ಟು ಬಹಳ ಹೊತ್ತು ನಿಂತರು.

"ಏನಾದ್ರೂ ಹೇಳಣ್ಣ ಅವ್ಳಿಗೆ" ಎಂದಳು ಅಮ್ಮ. "ಎರಡು ವರ್ಷ ಆಯ್ತು."

ಮಾವನ ಬಾಯಿ ತೆರೆಯಿತು, ಮುಚ್ಚಿತು. ಮತ್ತೆ ತೆರೆದಾಗ ನಾಲಿಗೆಯ ಮೇಲಿನ ಆ ಕಪ್ಪು ಚುಕ್ಕೆ ಕಂಡಿತು, ಸಾಸಿವೆಯಷ್ಟು.

"ನಂಗೆ ಭಯ ಕಣವ್ವ" ಎಂದರು. "ಮುಂದಕ್ಕೆ ನಿಂಗೆ ಏನೇನಾಗ್ಬೇಕೋ ಒಂದೊಂದೇ ನೀನೇ ಹೇಳ್ಕೊಡು. ನಾನು ಅದನ್ನೇ ಹೇಳ್ತೀನಿ."